ಕೆನೆಬಣ್ಣವೋ ತಿಳಿಬೂದುವೋ? ತೀರ್ಪು ಕೋಣೆಯ ಬೆಳಕಿನದು

ಓಣಂ ಹತ್ತಿರವಾಗುತ್ತಿದ್ದಂತೆ ತಿರುವನಂತಪುರದ ಪೇಂಟ್ ಅಂಗಡಿಗಳಲ್ಲಿ ಜನ ಹೆಚ್ಚುತ್ತಾರೆ. ಹಬ್ಬಕ್ಕೆ ಮೊದಲು ಗೋಡೆಗೆ ಹೊಸ ಬಣ್ಣ ಕಾಣಿಸುವುದು ಅಲ್ಲಿನ ರೂಢಿ. ನಮ್ಮಲ್ಲಿ ದೀಪಾವಳಿಗೋ ಮನೆಯ ಮದುವೆಗೋ ಸುಣ್ಣಬಣ್ಣ ಮಾಡಿಸುವ ಹಾಗೆಯೇ. ತಿರುವನಂತಪುರದ ಪಟ್ಟಂ ಬಡಾವಣೆಯ ಹೆಸರು ಕಾಸರಗೋಡಿನ ಕನ್ನಡಿಗರಿಗೆ ಹೊಸದಲ್ಲ. ಕೇರಳ ಪಿಎಸ್‌ಸಿಯ ಕೇಂದ್ರ ಕಚೇರಿ ಇರುವುದು ಅಲ್ಲೇ. ಅರ್ಜಿ, ಸಂದರ್ಶನ ಎಂದು ಹೋದವರಲ್ಲಿ ಕೆಲವರು ಕೆಲಸ ಸಿಕ್ಕಿ ರಾಜಧಾನಿಯಲ್ಲೇ ನೆಲೆಸುತ್ತಾರೆ. ಮುಂದೆ ಮನೆಯನ್ನೂ ಮಾಡಿಕೊಳ್ಳುತ್ತಾರೆ. ಆಗ ಎದುರಾಗುವ ಸಣ್ಣ ಪ್ರಶ್ನೆಗಳಲ್ಲಿ ಇದೂ ಒಂದು: ಮಲಗುವ ಕೋಣೆಗೆ ಯಾವ ಬಣ್ಣ?

ಶೇಡ್ ಕಾರ್ಡಿನಲ್ಲಿ ಸಾವಿರಾರು ಬಣ್ಣಗಳಿದ್ದರೂ ಕೊನೆಗೆ ಉಳಿಯುವುದು ಹೆಚ್ಚಾಗಿ ಎರಡೇ. ಒಂದು ಕೆನೆಬಣ್ಣ, ಅಂದರೆ ಹಳದಿಯ ಎಳೆ ಹೊಂದಿದ ಬಿಳಿ. ಇನ್ನೊಂದು ಈಚಿನ ವರ್ಷಗಳಲ್ಲಿ ಮೆಚ್ಚುಗೆ ಗಳಿಸಿರುವ ತಿಳಿಬೂದು. ಹಿರಿಯರು ಮೊದಲನೆಯದನ್ನು ಬಯಸುತ್ತಾರೆ, ಫೋನಿನಲ್ಲಿ ಮನೆಗಳ ಚಿತ್ರ ನೋಡಿ ಬಂದ ಕಿರಿಯರು ಎರಡನೆಯದನ್ನು. ಇಬ್ಬರೂ ಕೈಯಗಲದ ಕಾಗದದ ತುಂಡನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ವಾದಿಸುತ್ತಾರೆ. ಹೀಗೆ ವಾದಿಸಿ ಸರಿಯಾದ ಉತ್ತರ ಕಾಣುವುದು ಕಷ್ಟ, ಏಕೆಂದರೆ ಡಬ್ಬಿಯಲ್ಲಿ ಬರುವುದು ಬಣ್ಣದ ಅರ್ಧ ಭಾಗ ಮಾತ್ರ. ಉಳಿದರ್ಧವನ್ನು ಕೊಡುವುದು ಆ ಕೋಣೆಯ ಬೆಳಕು. ಎರಡು ಬಣ್ಣಗಳನ್ನು ಹೋಲಿಸುವುದೆಂದರೆ ಅವು ಅದೇ ಕೋಣೆಯಲ್ಲಿ, ಅದೇ ಬೆಳಕಿನಲ್ಲಿ ಏನಾಗುತ್ತವೆ ಎಂದು ನೋಡುವುದು.

ಕಾರ್ಡಿನಲ್ಲಿ ತಿಳಿ, ಗೋಡೆಯಲ್ಲಿ ಗಾಢ

“ಕಾರ್ಡಿನಲ್ಲಿ ಇಷ್ಟು ಗಾಢ ಇರಲಿಲ್ಲವಲ್ಲ” ಎಂಬ ಮಾತನ್ನು ಪೇಂಟರ್‌ಗಳು ಮನೆಮನೆಯಲ್ಲಿ ಕೇಳುತ್ತಾರೆ. ಅಂಗಡಿಯವರು ತಪ್ಪು ಬಣ್ಣ ಕೊಟ್ಟರೆಂದು ಜಗಳಕ್ಕೂ ಹೋಗುವವರಿದ್ದಾರೆ. ಬಹಳಷ್ಟು ಸಲ ಬಣ್ಣ ಸರಿಯಾಗಿಯೇ ಇರುತ್ತದೆ. ಹಾಗೆ ಕಾಣಿಸುವುದಕ್ಕೆ ಕಾರಣ ಬೆಳಕಿನ ಲೆಕ್ಕ.

ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಬಣ್ಣ ಎಷ್ಟನ್ನು ಮರಳಿಸುತ್ತದೆ ಎಂಬುದಕ್ಕೆ 0ಯಿಂದ 100ರವರೆಗಿನ ಒಂದು ಅಳತೆಯಿದೆ. ಪೇಂಟ್ ಉದ್ಯಮದಲ್ಲಿ ಅದಕ್ಕೆ ಎಲ್‌ಆರ್‌ವಿ ಎನ್ನುತ್ತಾರೆ. ಪೂರ್ಣ ಕಪ್ಪು ಸೊನ್ನೆಯ ಹತ್ತಿರ, ಒಳ್ಳೆಯ ಬಿಳಿ ಪೇಂಟ್ 85ರ ಆಸುಪಾಸು. ನಮ್ಮ ಕೆನೆಬಣ್ಣಕ್ಕೆ 78, ತಿಳಿಬೂದಿಗೆ 55 ಎಂದಿಟ್ಟುಕೊಳ್ಳೋಣ. ಇವೆರಡರ ನಡುವೆ ಅಂಥ ಅಂತರವಿಲ್ಲ ಎನ್ನಿಸಬಹುದು. ಆದರೆ ಕಿಟಕಿಯಿಂದ ಬಂದ ಬೆಳಕು ಒಂದು ಗೋಡೆಗೆ ಬಡಿದು ಅಲ್ಲಿಗೇ ನಿಲ್ಲುವುದಿಲ್ಲ. ಎದುರು ಗೋಡೆಗೆ, ಅಲ್ಲಿಂದ ಪಕ್ಕದ ಗೋಡೆಗೆ, ಸೂರಿಗೆ ಎಂದು ಮತ್ತೆ ಮತ್ತೆ ಪುಟಿಯುತ್ತದೆ. ಕೆನೆಬಣ್ಣದ ಗೋಡೆಗೆ ನೂರು ಪಾಲು ಬೆಳಕು ಬಿದ್ದರೆ ಮೊದಲ ಪುಟಿತಕ್ಕೆ 78, ಎರಡನೆಯದಕ್ಕೆ 61, ಮೂರನೆಯದಕ್ಕೆ 47 ಪಾಲು ಉಳಿಯುತ್ತದೆ. ಬೂದು ಗೋಡೆಯಲ್ಲಿ ಅದೇ ಬೆಳಕು 55, 30, 17 ಎಂದು ಇಳಿಯುತ್ತದೆ. ಕಿಟಕಿಯಿಂದ ದೂರದ ಮೂಲೆಗೆ ತಲುಪುವುದು ಹೀಗೆ ಹಲವು ಸಲ ಪುಟಿದ ಬೆಳಕೇ. ಕಾರ್ಡಿನಲ್ಲಿ ಅಕ್ಕತಂಗಿಯರಂತೆ ಕಂಡ ಎರಡು ಬಣ್ಣಗಳು ಅಲ್ಲಿ ಸುಮಾರು ಮೂರು ಪಟ್ಟು ಬೇರೆಯಾಗಿಬಿಡುತ್ತವೆ.

ಬಣ್ಣ ಸಾಂದ್ರವಾಗುವುದೂ ಇದೇ ದಾರಿಯಿಂದ. ಕೆನೆಬಣ್ಣವು ಬೆಳಕಿನ ಕೆಂಪು ಅಂಶದಲ್ಲಿ 82 ಪಾಲನ್ನೂ ನೀಲಿ ಅಂಶದಲ್ಲಿ 62 ಪಾಲನ್ನೂ ಮರಳಿಸುತ್ತದೆ ಎನ್ನಿ. ಎರಡು ಸಲ ಪುಟಿದಾಗ ಅವು 67 ಮತ್ತು 38ಕ್ಕೆ ಇಳಿಯುತ್ತವೆ. ನೀಲಿ ಹೆಚ್ಚು ಸೋರಿಹೋಗಿ ಹಳದಿ ಮೇಲುಗೈ ಪಡೆಯುತ್ತದೆ. ನಾಲ್ಕೂ ಗೋಡೆಗೆ ಒಂದೇ ಬಣ್ಣ ಬಳಿದಾಗ ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುತ್ತಲೇ ಇರುತ್ತವೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಬಾಗಿಲು ಕಿಟಕಿ ಸೇರಿ 440 ಚದರ ಅಡಿ ಗೋಡೆಯಿದೆ. ಅಷ್ಟೂ ಗೋಡೆಯ ಒಟ್ಟು ಪರಿಣಾಮವನ್ನು ಎರಡಂಗುಲದ ಕಾಗದ ತೋರಿಸಲಾರದು. ಅದಕ್ಕೇ ಅನುಭವಸ್ಥ ಪೇಂಟರ್‌ಗಳು, ಮನಸ್ಸಿಗೆ ಹಿಡಿಸಿದ ಶೇಡ್‌ಗಿಂತ ಒಂದು ಮೆಟ್ಟಿಲು ತಿಳಿಯಾದುದನ್ನೇ ಆರಿಸಿ ಎನ್ನುತ್ತಾರೆ. ಆ ಮಾತಿನ ಹಿಂದೆ ಈ ಲೆಕ್ಕವಿದೆ.

ಪಟ್ಟಂನ ಬೆಳಕು ಎಂಥದು

ಒಳಾಂಗಣ ವಿನ್ಯಾಸದ ಪುಸ್ತಕಗಳಲ್ಲಿ ಒಂದು ಸಲಹೆ ಮತ್ತೆ ಮತ್ತೆ ಬರುತ್ತದೆ: ಉತ್ತರಕ್ಕೆ ಕಿಟಕಿಯಿದ್ದರೆ ಬೆಳಕು ತಣ್ಣಗೆ, ದಕ್ಷಿಣಕ್ಕಿದ್ದರೆ ಬೆಚ್ಚಗೆ, ಅದಕ್ಕೆ ತಕ್ಕಂತೆ ಬಣ್ಣ ಆರಿಸಿ. ಲಂಡನ್ನಿನಂಥ ಊರುಗಳಿಗೆ ಇದು ಸರಿ. ಅಲ್ಲಿ ವರ್ಷದ ಯಾವ ಮಧ್ಯಾಹ್ನವೂ ಸೂರ್ಯ ದಕ್ಷಿಣವನ್ನು ಬಿಟ್ಟು ಬರುವುದಿಲ್ಲ. ತಿರುವನಂತಪುರ ಇರುವುದು ಸುಮಾರು 8.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಎರಡನೆಯ ವಾರದಿಂದ ಆಗಸ್ಟ್ ಕೊನೆಯವರೆಗೂ ಅಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಕೊಚ್ಚಿಯಲ್ಲೂ ಹೆಚ್ಚುಕಡಿಮೆ ಹೀಗೆಯೇ. ಕಾಸರಗೋಡಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ. ಹೀಗಾಗಿ ಆ ಪುಸ್ತಕಗಳ ಸಲಹೆಯನ್ನು ಇಲ್ಲಿ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ನಮ್ಮ ಕಡೆ ದಿಕ್ಕಿಗಿಂತ ಮುಖ್ಯವಾದದ್ದು ಎರಡು ಸಂಗತಿ: ಮಳೆಗಾಲ ಮತ್ತು ಮರಗಳು.

ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಮೋಡದ ಬೆಳಕೇ ಮನೆಯೊಳಗಿನ ಬೆಳಕು. ನೇರ ಬಿಸಿಲಿನಲ್ಲಿ ಹೊರಗಿನ ಪ್ರಕಾಶ ಒಂದು ಲಕ್ಷ ಲಕ್ಸ್‌ವರೆಗೆ ಇದ್ದರೆ, ಮೋಡ ಮುಸುಕಿದಾಗ ಅದು ಹತ್ತು ಸಾವಿರಕ್ಕೆ, ಕಾರ್ಮೋಡವಾದರೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಮಳೆಯ ಎರಚಲು ತಡೆಯಲು ಇಳಿಬಿಟ್ಟ ಮಾಡು, ಅಗಲವಾದ ಸನ್‌ಶೇಡ್, ಕಿಟಕಿಯ ಸರಳುಗಳು, ಮುಂದಿನ ಜಗಲಿ ಇವೆಲ್ಲ ಸೇರಿ ಅದರಲ್ಲೂ ಸಣ್ಣ ಪಾಲನ್ನಷ್ಟೇ ಒಳಗೆ ಬಿಡುತ್ತವೆ. ಮೋಡದ ಬೆಳಕಿನಲ್ಲಿ ಬಿಸಿಲಿನ ಹೊಂಬಣ್ಣವೂ ಇಲ್ಲ. ತಿಳಿಬೂದು ಸೊರಗುವುದು ಇಲ್ಲಿಯೇ. ಬೂದು ಬಣ್ಣಕ್ಕೆ ತನ್ನದೆಂಬ ವರ್ಣ ಕಡಿಮೆ, ಸುತ್ತಲ ಬೆಳಕು ಕೊಟ್ಟದ್ದನ್ನೇ ಅದು ತೋರಿಸುತ್ತದೆ. ಧಾರಾಳ ಬೆಳಕು ಸಿಕ್ಕಾಗ ಅಂದವಾಗಿ ಕಾಣುವ ಅದೇ ಗೋಡೆ ಜುಲೈ ಮಧ್ಯಾಹ್ನ ಮಂಕು ಹಿಡಿದಂತಾಗುತ್ತದೆ. ಹಗಲಲ್ಲೇ ದೀಪ ಹಾಕಬೇಕಾಗುತ್ತದೆ.

ಇನ್ನು ಮರ. ಪಟ್ಟಂನ ಹಳೆಯ ಹಿತ್ತಿಲುಗಳಲ್ಲಿ ತೆಂಗು, ಹಲಸು, ಮಾವು ಕಿಟಕಿಯವರೆಗೂ ಬಂದಿರುತ್ತವೆ. ಎಲೆಗಳು ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು ಹಸಿರನ್ನು ಹೆಚ್ಚು ಮರಳಿಸುತ್ತವೆ. ಅಂಥ ಕಿಟಕಿಯಿಂದ ಬರುವ ಬೆಳಕು ಸೋಸಿ ಬಂದ ಹಸಿರು ಬೆಳಕು. ತಿಳಿಬೂದು ಗೋಡೆ ಅದನ್ನು ತಡೆಯದೆ ತೋರಿಸಿಬಿಡುತ್ತದೆ, ಗೋಡೆಗೆ ಪಾಚಿಯ ಛಾಯೆ ಬಂದಂತಾಗುತ್ತದೆ. ನೆಲವೂ ತನ್ನ ಬಣ್ಣವನ್ನು ಬೆರೆಸುತ್ತದೆ. ರೆಡ್ ಆಕ್ಸೈಡ್ ನೆಲವಿದ್ದರೆ ಗೋಡೆಯ ಕೆಳಭಾಗಕ್ಕೆ ಕೆಂಪು ಏರುತ್ತದೆ. ಕೆನೆಬಣ್ಣದ ಗೋಡೆಗೆ ಆ ಕೆಂಪು ಒಗ್ಗುತ್ತದೆ, ಏಕೆಂದರೆ ಎರಡೂ ಬೆಚ್ಚನೆಯ ಕಡೆಯ ಬಣ್ಣಗಳು. ನೀಲಿ ಛಾಯೆಯ ಬೂದು ಗೋಡೆಯಲ್ಲಿ ಅದೇ ಕೆಂಪು ಕದಡಿದಂತೆ ಕಾಣುತ್ತದೆ. ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿದ ಫ್ಲ್ಯಾಟ್‌ನಲ್ಲಿ ಈ ತೊಡಕಿಲ್ಲ. ನೆಲವೇ ಬೆಳಕನ್ನು ಮೇಲಕ್ಕೆ ಎಸೆಯುವುದರಿಂದ ಅಲ್ಲಿ ಬೂದಿಗೂ ಅವಕಾಶವಿದೆ.

ಪಕ್ಕಪಕ್ಕ ಬಳಿದರೆ ಕಣ್ಣೇ ಮೋಸಹೋಗುತ್ತದೆ

ಗೋಡೆಯ ಮೇಲೆ ಎರಡು ಬಣ್ಣದ ಪಟ್ಟಿಗಳನ್ನು ಒತ್ತಾಗಿ ಬಳಿದು “ಯಾವುದು ಚೆನ್ನ” ಎಂದು ನೋಡುವುದು ಎಲ್ಲರೂ ಮಾಡುವ ಕೆಲಸ. ಇದು ನ್ಯಾಯವಾದ ಪರೀಕ್ಷೆಯಲ್ಲ ಎಂಬುದು ಇನ್ನೂರು ವರ್ಷಗಳ ಹಿಂದೆ ಪ್ಯಾರಿಸ್ಸಿನಲ್ಲಿ ತಿಳಿದುಬಂತು. ಅಲ್ಲಿನ ಗೊಬೆಲಾಂ ಚಿತ್ರಗಂಬಳಿ ಕಾರ್ಖಾನೆಯ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದವನು ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರಲ್. ಕೆಲವು ಕಪ್ಪು ನೂಲುಗಳು ಮಂಕಾಗಿವೆ ಎಂಬ ದೂರು ಅವನ ಬಳಿಗೆ ಬಂತು. ಬಣ್ಣದ ರಸಾಯನದಲ್ಲಿ ಅವನಿಗೆ ದೋಷ ಸಿಗಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ಬಣ್ಣಗಳು ಕಪ್ಪನ್ನು ಹಾಗೆ ತೋರಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ದೂರ ತಳ್ಳಿ ತಮ್ಮ ವ್ಯತ್ಯಾಸವನ್ನು ಹಿಗ್ಗಿಸಿಕೊಳ್ಳುತ್ತವೆ ಎಂಬ ನಿಯಮವನ್ನು ಅವನು 1839ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿದ.

ನಮ್ಮ ಎರಡು ಬಣ್ಣಗಳಿಗೆ ಇದನ್ನು ಅನ್ವಯಿಸಿ ನೋಡಿ. ಕೆನೆಯ ಪಕ್ಕದಲ್ಲಿ ಬೂದು ಇದ್ದರೆ ಬೂದು ನೀಲಿಗೆ ವಾಲಿದಂತೆಯೂ ಕೆನೆ ಇನ್ನಷ್ಟು ಹಳದಿಯಾಗಿಯೂ ಕಾಣುತ್ತದೆ. ನಾಲ್ಕು ಗೋಡೆಗೂ ಒಂದನ್ನೇ ಬಳಿದಾಗ ಆ ನೀಲಿಯೂ ಇಲ್ಲ, ಆ ಹಳದಿಯೂ ಇಲ್ಲ. ನೀವು ಮೆಚ್ಚಿದ ಅಥವಾ ತಳ್ಳಿಹಾಕಿದ ಬಣ್ಣ ನಿಮ್ಮ ಕೋಣೆಗೆ ಬರುವ ಬಣ್ಣವೇ ಅಲ್ಲ. ಹಳೆಯ ಗೋಡೆಯ ಬಣ್ಣವೂ ಇಂಥದ್ದೇ ಕಾಟ ಕೊಡುತ್ತದೆ. ಹಸಿರು ಗೋಡೆಯ ನಡುವೆ ಬಳಿದ ಬೂದು ತುಂಡು ಸ್ವಲ್ಪ ನಸುಗೆಂಪಾಗಿ ಕಾಣಿಸುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಬಣ್ಣದ ವಿಷಯದಲ್ಲಿ ಅಕ್ಷರಶಃ ಸತ್ಯ. ಸರ್ ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಹೂಗಳ ಬಣ್ಣ ಮತ್ತು ಕಣ್ಣಿನ ನೋಟದ ಅಧ್ಯಯನಕ್ಕೆ ಮೀಸಲಿಟ್ಟು, 1968ರಲ್ಲಿ ದೃಷ್ಟಿಯ ಕುರಿತು ಒಂದು ಗ್ರಂಥವನ್ನೇ ಹೊರತಂದರು. ಕಾಣುವ ಕ್ರಿಯೆ ಅಷ್ಟು ದೊಡ್ಡ ವಿಜ್ಞಾನಿಯ ಗಮನಕ್ಕೂ ತಕ್ಕ ವಿಷಯವಾಗಿತ್ತು.

ರಾತ್ರಿಯ ಪರೀಕ್ಷೆ ಬೇರೆ

ಕೆಲಸಕ್ಕೆ ಹೋಗುವವರು ಮಲಗುವ ಕೋಣೆಯನ್ನು ಹೆಚ್ಚು ನೋಡುವುದು ದೀಪದ ಬೆಳಕಿನಲ್ಲೇ. ಎಲ್ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 3000ಕೆ, 4000ಕೆ, 6500ಕೆ ಎಂದು ಬರೆದಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿಗೆ ಹತ್ತಿರ, ಹೆಚ್ಚಾದಷ್ಟೂ ನೀಲಿಗೆ ಹತ್ತಿರ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವ ಬಿಳಿ ಟ್ಯೂಬ್‌ಲೈಟ್ 6500ಕೆ ಗುಂಪಿನದು. ಅದರ ಕೆಳಗೆ ತಿಳಿಬೂದು ಆಸ್ಪತ್ರೆಯ ಗೋಡೆಯ ಹಾಗೆ ತಣ್ಣಗಾಗುತ್ತದೆ. ಕೆನೆಬಣ್ಣದ ಹಳದಿ ಅಡಗಿ ಅದು ಬರಿಯ ಬಿಳಿಯಂತೆ ತೋರುತ್ತದೆ. 3000ಕೆ ದೀಪ ಹಾಕಿದರೆ ಕೆನೆ ಬೆಣ್ಣೆಯಷ್ಟು ಹಳದಿಯಾಗುತ್ತದೆ, ಬೂದು ಮಣ್ಣಿನ ಛಾಯೆಗೆ ತಿರುಗುತ್ತದೆ. ಒಂದೇ ಗೋಡೆಯನ್ನು ಬಲ್ಬು ಬದಲಿಸಿದ ಮಾತ್ರಕ್ಕೆ ಇನ್ನೊಂದು ಗೋಡೆಯಾಗಿ ಮಾಡಬಹುದು. ಬಣ್ಣ ಬದಲಿಸುವ ಖರ್ಚಿನ ಮುಂದೆ ಬಲ್ಬಿನ ಖರ್ಚು ಏನೇನೂ ಅಲ್ಲ. ಆದ್ದರಿಂದ ಯಾವ ದೀಪ ಎಂಬುದನ್ನು ಮೊದಲು ತೀರ್ಮಾನಿಸಿ, ಬಣ್ಣದ ಮಾತು ಆಮೇಲೆ ಆಡಿ.

ಹಿಂದಿನವರು ಗೋಡೆಯನ್ನು ಹೇಗೆ ಕಂಡರು

ಇದೇ ಮಳೆ, ಇದೇ ಮರಗಳ ನಡುವೆ ಹಿಂದಿನವರೂ ಮನೆ ಕಟ್ಟಿ ಬಾಳಿದ್ದರು. 1795ರವರೆಗೆ ತಿರುವಾಂಕೂರಿನ ರಾಜಧಾನಿಯಾಗಿದ್ದ ಪದ್ಮನಾಭಪುರದ ಅರಮನೆಗೆ ಹೋಗಿ ನೋಡಿ. ಅದು ಇಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದ್ದರೂ ಆಡಳಿತ ಕೇರಳ ಸರ್ಕಾರದ್ದು. ಕೆತ್ತನೆಯ ಮರ ಕಪ್ಪಗಿದೆ, ಮುಖ ಕಾಣುವಷ್ಟು ನುಣುಪಾದ ನೆಲವೂ ಕಪ್ಪು. ಮಾಡು ಕೆಳಕ್ಕೆ ಇಳಿದಿದೆ, ಬೆಳಕು ಮರದ ಜಾಲರಿಯಲ್ಲಿ ನುಸುಳಿ ಬರುತ್ತದೆ. ಇಷ್ಟು ಕತ್ತಲನ್ನು ಸರಿದೂಗಿಸುವುದು ಸುಣ್ಣದ ಬಿಳಿ ಗೋಡೆಗಳು. ಬಣ್ಣದ ಗಾಢತೆಯನ್ನು ಮರಕ್ಕೂ ನೆಲಕ್ಕೂ ಕೊಟ್ಟು, ಬೆಳಕು ಹಂಚುವ ಕೆಲಸವನ್ನು ಗೋಡೆಗೆ ವಹಿಸಿದ ಅಚ್ಚುಕಟ್ಟು ಏರ್ಪಾಡು ಅದು.

ಕೊಚ್ಚಿಯ ಮಟ್ಟಾಂಚೇರಿ ಅರಮನೆಯಲ್ಲಿ ದಾರಿ ಬೇರೆ. ಪೋರ್ಚುಗೀಸರು ಸುಮಾರು 1555ರಲ್ಲಿ ಕಟ್ಟಿಸಿ ಕೊಚ್ಚಿಯ ಅರಸನಿಗೆ ಒಪ್ಪಿಸಿದ, 1663ರಲ್ಲಿ ಡಚ್ಚರು ದುರಸ್ತಿ ಮಾಡಿಸಿದ ಆ ಕಟ್ಟಡದ ಒಳಗೋಡೆಗಳ ಮೇಲೆ ರಾಮಾಯಣದ ಚಿತ್ರಗಳಿವೆ. ಕೇರಳದ ಭಿತ್ತಿಚಿತ್ರಗಳ ಪಂಚವರ್ಣದಲ್ಲಿ ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಸೇರುತ್ತವೆ. ಹಳದಿ ಮತ್ತು ಕೆಂಪು ಸಿಗುತ್ತಿದ್ದುದು ಮಣ್ಣಿನಿಂದ. ಎಣ್ಣೆದೀಪದ ಬೆಳಕಿನಲ್ಲಿ ನೀಲಿಯ ಅಂಶ ತೀರಾ ಕಡಿಮೆ, ಕೆಂಪು ಹಳದಿಗಳ ಪಾಲು ಹೆಚ್ಚು. ಕಾವಿ ಮತ್ತು ಅರಿಸಿನದ ಬಣ್ಣಗಳು ಜೀವ ತಳೆಯುವುದು ಅಂಥ ಬೆಳಕಿನಲ್ಲೇ. ಬೆಳಕಿಗೆ ಒಪ್ಪುವ ಬಣ್ಣ ಎಂಬ ತತ್ವ ಅಲ್ಲಿಯೂ ನಿಲ್ಲುತ್ತದೆ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಗೋಡೆಗೆ ಬಳಿಯುವ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದರು. ಸುಣ್ಣದ ನಸುಹಳದಿಯನ್ನು ಆ ನೀಲಿ ಸರಿದೂಗಿಸಿ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಇಂದು ಅಂಗಡಿಯ ಮೆಷಿನ್ ಬಿಳಿ ಬೇಸ್‌ಗೆ ತೊಟ್ಟು ತೊಟ್ಟಾಗಿ ಬಣ್ಣ ಇಳಿಸಿ ಶೇಡ್ ತಯಾರಿಸುವುದೂ ಇದೇ ವಿದ್ಯೆಯ ಮುಂದುವರಿಕೆ.

ಪಟ್ಟಂನಿಂದ ದೂರವಿಲ್ಲದ ನಾಲಾಂಚಿರದಲ್ಲಿ ಮನೆ ಕಟ್ಟಿಕೊಂಡು 2007ರಲ್ಲಿ ತೀರಿಕೊಳ್ಳುವವರೆಗೂ ಬಾಳಿದ ವಾಸ್ತುಶಿಲ್ಪಿ ಲಾರಿ ಬೇಕರ್ ಮೂರನೆಯ ದಾರಿಯೊಂದನ್ನು ತೋರಿಸಿದರು. ಗಾರೆಯೂ ಬೇಡ, ಪೇಂಟೂ ಬೇಡ, ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣಲಿ ಎಂಬುದು ಅವರ ನಿಲುವು. ಬಣ್ಣ ಒಮ್ಮೆ ಬಳಿದರೆ ಮತ್ತೆ ಮತ್ತೆ ಬಳಿಯಬೇಕು, ಬಡವನ ಮನೆಗೆ ಅದು ಮುಗಿಯದ ಖರ್ಚು. ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಕಟ್ಟಡಗಳಲ್ಲಿ ಅವರ ಇಟ್ಟಿಗೆಯ ಗೋಡೆಗಳನ್ನು ಇಂದಿಗೂ ನೋಡಬಹುದು. ಬೋಳು ಇಟ್ಟಿಗೆ ಬೆಳಕನ್ನು ಬಹಳ ನುಂಗುತ್ತದೆ. ಬೇಕರ್ ಗೋಡೆಗಳಲ್ಲಿ ಜಾಲಂಧ್ರ ಬಿಟ್ಟು ಹೊರಗಿನ ಬೆಳಕನ್ನೂ ಗಾಳಿಯನ್ನೂ ಒಳಗೆ ಕರೆದರು. ಗೋಡೆ ಕಪ್ಪಾದಷ್ಟೂ ಕಿಂಡಿ ಹೆಚ್ಚಬೇಕು ಎಂಬ ಲೆಕ್ಕವನ್ನು ಅವರು ಮರೆಯಲಿಲ್ಲ. ಕಿಟಕಿ ಹೆಚ್ಚಿಸದೆ ಗೋಡೆಯನ್ನು ಮಾತ್ರ ಕಂದಿಸುವ ಇಂದಿನ ಫ್ಯಾಷನ್ ಈ ಲೆಕ್ಕವನ್ನು ಬಿಟ್ಟುಬಿಟ್ಟಿದೆ.

ತೇವವಿದ್ದರೆ ಯಾವ ಬಣ್ಣವೂ ನಿಲ್ಲದು

ಓಣಂಗೆ ಬಣ್ಣ ಬಳಿಸುವುದರಲ್ಲಿ ಒಂದು ತೊಡಕಿದೆ. ಆಗಷ್ಟೇ ಮುಂಗಾರು ಇಳಿಯುತ್ತಿರುತ್ತದೆ, ಗೋಡೆಯೊಳಗೆ ನೀರು ಇನ್ನೂ ಉಳಿದಿರುತ್ತದೆ. ಒದ್ದೆ ಗೋಡೆಗೆ ಎಮಲ್ಷನ್ ಬಳಿದರೆ ಪದರ ಉಬ್ಬಿ ಏಳುತ್ತದೆ, ಉಪ್ಪು ಬಿಳಿ ಪುಡಿಯಾಗಿ ಹೊರಬರುತ್ತದೆ, ಮೂಲೆಗಳಲ್ಲಿ ಬೂಷ್ಟು ಕಟ್ಟುತ್ತದೆ. ಕೆನೆಬಣ್ಣದ ಮೇಲೆ ಬೂಷ್ಟಿನ ಕಪ್ಪು ಚುಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ, ಬೂದಿನ ಮೇಲೆ ಅಡಗುತ್ತದೆ. ಬೂದು ಬಣ್ಣದ ಗುಣವೆಂದು ಇದನ್ನು ಹೇಳುವವರಿದ್ದಾರೆ. ನನಗೆ ಇದು ಕೆನೆಬಣ್ಣದ ಗುಣವಾಗಿ ಕಾಣುತ್ತದೆ. ಮಕ್ಕಳು ಮಲಗುವ ಕೋಣೆಯಲ್ಲಿ ಬೂಷ್ಟು ಎದ್ದರೆ ಅದು ಮೊದಲ ದಿನವೇ ಕಾಣಬೇಕು, ಸೋರಿಕೆಯ ಮೂಲ ಹುಡುಕಬೇಕು.

ಹೊಸ ಗಾರೆಯ ಗೋಡೆಗೆ ಕನಿಷ್ಠ 28 ದಿನ ಬಿಡುವು ಕೊಡಿ. ಹಸಿ ಸಿಮೆಂಟಿನ ಕ್ಷಾರ ಕೆಲವು ಬಣ್ಣಗಳನ್ನು ಸುಟ್ಟು ಮಾಸಿಸುತ್ತದೆ. ಹಳದಿ ಆಕ್ಸೈಡ್, ರೆಡ್ ಆಕ್ಸೈಡ್‌ನಂಥ ಮಣ್ಣಿನ ಬಣ್ಣಗಳು ಕ್ಷಾರಕ್ಕೂ ಬಿಸಿಲಿಗೂ ಗಟ್ಟಿ. ಅವುಗಳಿಂದ ಮಾಡಿದ ಕೆನೆಬಣ್ಣ ಬಹುಕಾಲ ಬಾಳುತ್ತದೆ.

ಹಳೆಯ ಮನೆಯಾದರೆ ಇನ್ನೊಂದು ಎಚ್ಚರಿಕೆ. ಹಿಂದಿನ ಕಾಲದ ಗಾಢ ಹಳದಿ ಪೇಂಟ್‌ಗಳಲ್ಲಿ ಸೀಸದ ಕ್ರೋಮೇಟ್ ಬಳಸುತ್ತಿದ್ದರು. ಭಾರತದಲ್ಲಿ ಮನೆಬಳಕೆಯ ಪೇಂಟಿನ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದು ಎಂಬ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಪದರಗಳನ್ನು ಒಣಗಿದಂತೆಯೇ ಮರಳು ಕಾಗದ ಹಾಕಿ ಉಜ್ಜಿಸಬೇಡಿ. ನೀರು ಚಿಮುಕಿಸಿ ಉಜ್ಜಿಸಿ, ಪೇಂಟರ್‌ಗೆ ಮಾಸ್ಕ್ ಕೊಡಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ಆ ದೂಳನ್ನು ಮೊದಲು ಉಸಿರಾಡುವವನು ಪೇಂಟರ್ ಎಂಬುದನ್ನು ಮನೆಯೊಡೆಯರು ಮರೆಯಬಾರದು.

ಹೋಲಿಸುವ ಕ್ರಮ

ಎರಡೂ ಬಣ್ಣದ ಸಣ್ಣ ಸ್ಯಾಂಪಲ್ ಡಬ್ಬಿ ತನ್ನಿ. ಎರಡಡಿ ಅಗಲದ ಎರಡು ದಪ್ಪ ಬಿಳಿ ರಟ್ಟಿನ ಹಾಳೆಗಳಿಗೆ, ಸುತ್ತ ಮೂರು ಬೆರಳಗಲ ಬಿಳಿ ಅಂಚು ಬಿಟ್ಟು, ಒಂದೊಂದಕ್ಕೆ ಒಂದೊಂದು ಬಣ್ಣವನ್ನು ಎರಡು ಕೋಟ್ ಬಳಿಯಿರಿ. ಹಸಿ ಬಣ್ಣ ಒಣಗಿದ ಮೇಲೆ ಬೇರೆಯಾಗುವುದರಿಂದ ಒಂದು ದಿನ ಒಣಗಲು ಬಿಡಿ. ಒಂದನ್ನು ಗೋಡೆಗೆ ಅಂಟಿಸಿ, ಇನ್ನೊಂದನ್ನು ಕಣ್ಣಿಗೆ ಬೀಳದಂತೆ ಬೇರೆ ಕೋಣೆಯಲ್ಲಿಡಿ. ಕಿಟಕಿಯ ಎದುರು ಗೋಡೆಯಲ್ಲಿಯೂ, ಕಿಟಕಿಯಿರುವ ಗೋಡೆಯಲ್ಲಿಯೂ ನೋಡಿ. ಕಿಟಕಿಯ ಗೋಡೆಗೆ ನೇರ ಬೆಳಕು ಬೀಳುವುದಿಲ್ಲ, ಬಣ್ಣ ಅತ್ಯಂತ ಕಂದಿ ಕಾಣುವುದು ಅಲ್ಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ದೀಪದಲ್ಲಿ ನೋಡಿ. ಮಳೆಯ ದಿನವೊಂದನ್ನು ತಪ್ಪಿಸದೆ ಸೇರಿಸಿ. ಮರುದಿನ ಇನ್ನೊಂದು ಬಣ್ಣಕ್ಕೆ ಸರದಿ. ಮಂಚದ ಹೊದಿಕೆ, ಪರದೆ, ಬೀರು ಎಲ್ಲವೂ ಅವುಗಳ ಜಾಗದಲ್ಲೇ ಇರಲಿ. ಆರಿಸಿದ ಮೇಲೆ ಶೇಡ್‌ನ ಕೋಡ್ ಬರೆದಿಟ್ಟುಕೊಳ್ಳಿ, ಬೇಕಾದ ಅಷ್ಟೂ ಪೇಂಟನ್ನು ಒಂದೇ ಸಲ ತೆಗೆದುಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು ಇದು. ಮರಗಳ ನೆರಳಿನ, ಇಳಿಮಾಡಿನ, ಒಂದೋ ಎರಡೋ ಕಿಟಕಿಯ ಕೋಣೆಗೆ ಕೆನೆಬಣ್ಣವೇ ಸರಿ. ಪಟ್ಟಂನಲ್ಲಿರಲಿ, ಕೊಚ್ಚಿಯಲ್ಲಿರಲಿ, ಕಾಸರಗೋಡಿನಲ್ಲಿರಲಿ, ಮಳೆಗಾಲದ ಹಗಲನ್ನು ಅದು ಕೈಬಿಡುವುದಿಲ್ಲ. ಎತ್ತರದ ಫ್ಲ್ಯಾಟ್‌ನಲ್ಲಿ, ಪಡುವಣದ ದೊಡ್ಡ ಕಿಟಕಿಯಿಂದ ಬೆಳಕು ಕಣ್ಣು ಕುಕ್ಕುವ ಕೋಣೆಗೆ ತಿಳಿಬೂದು ಹಿತ. ಅಲ್ಲಿ ಪುಸ್ತಕ, ಚಿತ್ರ, ಮರದ ಸಾಮಾನುಗಳ ಬಣ್ಣ ಅದರ ಮುಂದೆ ಚೆನ್ನಾಗಿ ಎದ್ದು ಕಾಣುತ್ತದೆ. ಬೂದನ್ನೇ ಬಯಸುವವರು ನೀಲಿ ಛಾಯೆಯದನ್ನು ಬಿಟ್ಟು, ಎಲ್‌ಆರ್‌ವಿ 65ಕ್ಕಿಂತ ಹೆಚ್ಚಿರುವ ಬೆಚ್ಚನೆಯ ಬೂದನ್ನು ಆರಿಸಲಿ. ಸೂರಿಗೆ ಬಿಳಿಯನ್ನೇ ಉಳಿಸಿಕೊಳ್ಳಲಿ. ಬೇರೆ ಯಾರದೋ ಮನೆಯ ಚಿತ್ರ ನೋಡಿ ನಿಮ್ಮ ಗೋಡೆಗೆ ಬಣ್ಣ ನಿಶ್ಚಯಿಸಬೇಡಿ. ಒಮ್ಮೆ ಬಳಿದ ಬಣ್ಣದ ನಡುವೆ ನಾಲ್ಕೈದು ವರ್ಷ ಬದುಕಬೇಕಾದವರು ನೀವು. ಅದಕ್ಕಾಗಿ ಒಂದು ವಾರ ಕಾದು ನೋಡುವುದು ದುಬಾರಿಯೇನಲ್ಲ.